370ಝಡ್ ಕ್ಲಚ್ ಪೆಡಲ್ ಕೆಳಗೇ ಕೂರುತ್ತಿದೆ: ಪ್ಲೇಟ್ ಹೋಗಿದೆಯಾ, ಬೇರೆ ಏನಾದರೂ ಉಂಟಾ?

ಕೊಟ್ಟಾರ ಝಡ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ನಿಸ್ಸಾನ್ 370ಝಡ್ ಉಂಟು. ಆರು ಗೇರಿನ ಮ್ಯಾನುವಲ್. ಎರಡನೇ ಮಾಲೀಕ ನಾನು. ಇತ್ತೀಚೆಗೆ ಕ್ಲಚ್ ತೊಂದರೆ ಕೊಡುತ್ತಿದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಎಲ್ಲ ಸರಿ ಇರುತ್ತದೆ. ಸಂಜೆ ಮಂಗಳೂರಿನ ಕೆಪಿಟಿಯಿಂದ ನಂತೂರು ದಾಟಿ ಪಂಪ್‌ವೆಲ್ ತನಕ ನಿಂತು ನಿಂತು ಹೋದರೆ ಪೆಡಲ್ ಮೆತ್ತಗಾಗುತ್ತದೆ. ಒಂದನೇ ಗೇರು ಬೀಳುವುದೇ ಇಲ್ಲ. ಒಮ್ಮೊಮ್ಮೆ ಪೆಡಲ್ ಕೆಳಗೇ ಕೂತುಬಿಡುತ್ತದೆ, ಪಾದ ಅಡಿಗೆ ಹಾಕಿ ಮೇಲೆ ಎತ್ತಬೇಕು. ನಾಲ್ಕೈದು ಸಲ ಪಂಪ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗುತ್ತದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಓಡಿಸಿ ನೋಡಲಿಲ್ಲ, ಬಾನೆಟ್ ಕೂಡ ಎತ್ತಲಿಲ್ಲ. ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಿ ಸೆಟ್ ಹಾಕೋಣ ಎಂದರು. ಈ ಗಾಡಿಯ ಸಾಮಾನು ಹೊರದೇಶದಿಂದ ಬರಬೇಕು. ಸುಮ್ನೆ ಬಿಚ್ಚಿ ನೋಡೋಣ ಅನ್ನುವ ಹಾಗಿಲ್ಲ. ಇದು ನಿಜವಾಗಿ ಪ್ಲೇಟಿನ ಕಂಪ್ಲೇಂಟ್ ಹೌದಾ? ತಿಳಿದವರು ದಯವಿಟ್ಟು ಹೇಳಿ.

ಬೈಕಂಪಾಡಿ ಸ್ಪ್ಯಾನರ್:
ಮಾರಾಯ್ರೆ, ಗೇರ್‌ಬಾಕ್ಸ್ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಕ್ಲಚ್ ಹಿಡಿಯುತ್ತಿಲ್ಲವಾ, ಬಿಡುತ್ತಿಲ್ಲವಾ? ಎರಡೂ ಬೇರೆ ಬೇರೆ ರೋಗ. ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಹಿಡಿದು ಕೊಡುವುದು ಪ್ಲೇಟ್, ಅದು ಸವೆದರೆ ಹಿಡಿತ ಹೋಗುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನೀವು ಬರೆದದ್ದು ಹಾಗಿಲ್ಲ. ಗೇರು ಬೀಳುವುದಿಲ್ಲ, ಪೆಡಲ್ ಮೇಲೆ ಬರುವುದಿಲ್ಲ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಗ ಮೊದಲ ಸಂಶಯ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಆಯಿಲ್ ಲೈನಿನ ಮೇಲೆ ಬರಬೇಕು, ಪ್ಲೇಟಿನ ಮೇಲೆ ಅಲ್ಲ.

ಹೀಗೆ ಮಾಡಿ ನೋಡಿ. ಬೆಳಿಗ್ಗೆ ಬೇಗ ಸುರತ್ಕಲ್ ಕಡೆ ಹೈವೇಗೆ ಹೋಗಿ. ಹಿಂದೆ ಮುಂದೆ ಗಾಡಿ ಇಲ್ಲದಾಗ 50ರ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಹಿಂದೆ ಉಳಿದರೆ ಪ್ಲೇಟ್ ಸ್ಲಿಪ್. ಎರಡೂ ಒಟ್ಟಿಗೆ ಏರಿದರೆ ಪ್ಲೇಟಿಗೆ ಇನ್ನೂ ಜೀವ ಉಂಟು.

ಆಮೇಲೆ ಇಂಜಿನ್ ಬಿಸಿ ಇರುವಾಗಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕ್ಲಚ್ ಪೂರ್ತಿ ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರ್ ಎಂದು ಕೂಗಿದರೆ ಕ್ಲಚ್ ಬಿಡುತ್ತಿಲ್ಲ ಎಂಬುದು ಖಾತ್ರಿ.

ಕೊನೆಗೆ ಬಾನೆಟ್ ಎತ್ತಿ. ನಿಮ್ಮ ಗಾಡಿಯಲ್ಲಿ ಕ್ಲಚ್ ಆಯಿಲಿಗೆ ಬೇರೆಯೇ ಸಣ್ಣ ಡಬ್ಬಿ ಉಂಟು, ಬ್ರೇಕಿನದಲ್ಲ. ಅದರ ಬಣ್ಣ ನೋಡಿ ಬರೆಯಿರಿ.

ಸುರತ್ಕಲ್ ಮೆಕ್ಯಾನಿಕಲ್:
ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಝಡ್ ಸರ್, 370ಝಡ್‌ನಲ್ಲಿ ಸ್ಲೇವ್ ಸಿಲಿಂಡರ್, ಅಂದರೆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸಿಲಿಂಡರ್, ಹೊರಗೆ ಕಾಣುವುದಿಲ್ಲ. ಮೊದಲು ಬಂದ 350ಝಡ್‌ನಲ್ಲಿ ಅದು ಗೇರ್‌ಬಾಕ್ಸಿನ ಹೊರಗಿತ್ತು. ಒಂದು ಕಡ್ಡಿ ತಳ್ಳಿ, ಫೋರ್ಕ್ ಅಲುಗಿಸಿ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನು ಒತ್ತುತ್ತಿತ್ತು. ಕೆಟ್ಟರೆ ಅಡಿಗೆ ಮಲಗಿ ಬದಲಿಸಬಹುದಿತ್ತು. ನಿಮ್ಮದರಲ್ಲಿ ಸಿಲಿಂಡರ್ ಬಳೆಯ ಆಕಾರದಲ್ಲಿದೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸುತ್ತ ಕೂತಿರುತ್ತದೆ. ಬೇರಿಂಗ್ ಅದರ ಮೇಲೇ ಉಂಟು. ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಒತ್ತಡ ಎಲ್ಲ ಕಡೆ ಸಮವಾಗಿ ಬೀಳುತ್ತದೆ, ಜಾಗ ಉಳಿಯುತ್ತದೆ, ಫೋರ್ಕ್ ಸವೆಯುವ ಪ್ರಶ್ನೆ ಇಲ್ಲ.

ಕೆಟ್ಟದ್ದೂ ಅಲ್ಲಿಯೇ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬಿಸಿ ಗೂಡಿನಲ್ಲಿ ಅದರ ರಬ್ಬರ್ ಸೀಲು ಬೇಯುತ್ತಾ ಇರುತ್ತದೆ. ಈ ಮಾಡೆಲ್‌ನಲ್ಲಿ ಆ ಸಿಲಿಂಡರ್ ಸೋರುವುದು ಎಲ್ಲ ದೇಶಗಳ ಮಾಲೀಕರಿಗೂ ಗೊತ್ತಿರುವ ಸಮಸ್ಯೆ. ಪ್ಲೇಟ್ ಸವೆಯುವ ಎಷ್ಟೋ ಮೊದಲೇ ಇದು ಹೋಗುತ್ತದೆ.

ಕೊಟ್ಟಾರ ಝಡ್:
ಎಲ್ಲ ನೋಡಿದೆ. ನಾಲ್ಕನೇ ಗೇರಿನಲ್ಲಿ ಸ್ಲಿಪ್ ಇಲ್ಲ, ಗಾಡಿ ಸರಿಯಾಗಿ ಎಳೆಯುತ್ತದೆ. ರಿವರ್ಸ್ ಹಾಕುವಾಗ ಜೋರಾಗಿ ಕೂಗಿತು. ಡಬ್ಬಿಯಲ್ಲಿ ಆಯಿಲ್ ಕಪ್ಪಾಗಿದೆ, ಲೆವೆಲ್ ಕೂಡ ಕಡಿಮೆ. ಅಡಿಗೆ ಟಾರ್ಚ್ ಹಾಕಿದಾಗ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಒದ್ದೆ ಕಾಣಿಸಿತು. ಅದು ಇಂಜಿನ್ ಆಯಿಲಾ, ಕ್ಲಚ್ ಆಯಿಲಾ ಎಂದು ಹೇಗೆ ತಿಳಿಯುವುದು?

ಬೈಕಂಪಾಡಿ ಸ್ಪ್ಯಾನರ್:
ಒಂದು ಬಿಳಿ ಬಟ್ಟೆಯಲ್ಲಿ ಒರೆಸಿ. ಕ್ಲಚ್ ಆಯಿಲ್ ತೆಳ್ಳಗೆ ಇರುತ್ತದೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಇಂಜಿನ್ ಆಯಿಲ್ ಜಿಡ್ಡು, ಸೋಪು ಹಾಕದೆ ಹೋಗುವುದಿಲ್ಲ. ಗೇರ್ ಆಯಿಲಿಗೆ ಗಂಧಕದ ಗಬ್ಬು ವಾಸನೆ, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಬಟ್ಟೆ ನೋಡಿದ ಮೇಲೆ ಕೈ ತೊಳೆಯಿರಿ. ಕ್ಲಚ್ ಆಯಿಲ್ ಪೇಂಟಿಗೆ ತಾಗಿದರೆ ಪೇಂಟ್ ಏಳುತ್ತದೆ.

ನಿಮ್ಮ ಲಕ್ಷಣ ನೋಡಿದರೆ ಒಳಗಿನ ಸಿಲಿಂಡರ್ ಸೋರುತ್ತಿದೆ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮೇಲಿನ ಮಾಸ್ಟರ್ ಸಿಲಿಂಡರನ್ನೂ ನೋಡಿ. ಪೆಡಲ್ ಮೇಲ್ಗಡೆ ಗೋಡೆಗೆ ತಾಗುವಲ್ಲಿ ಒದ್ದೆ ಇದ್ದರೆ ಅದೂ ಹೋಗಿದೆ.

ಈಗ ಮುಖ್ಯ ಮಾತು. ಪ್ಲೇಟ್ ಚೆನ್ನಾಗಿದ್ದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಯಾಕೆಂದರೆ ಸಿಲಿಂಡರ್ ಒಳಗೆ ಉಂಟು. ಈ ಕೆಲಸದಲ್ಲಿ ದೊಡ್ಡ ಖರ್ಚು ಇಳಿಸಿ ಏರಿಸುವುದು. ಹಾಗಾಗಿ ಒಮ್ಮೆ ಇಳಿದ ಮೇಲೆ ಒಳಗೆ ಸವೆಯುವ ಯಾವುದನ್ನೂ ಹಳತು ಬಿಡಬೇಡಿ. ಸಿಲಿಂಡರ್, ಪ್ಲೇಟ್, ಪ್ರೆಶರ್ ಪ್ಲೇಟ್, ಪೈಲಟ್ ಬುಷ್, ಇಂಜಿನ್ ಹಿಂದಿನ ಕ್ರ್ಯಾಂಕ್ ಸೀಲು, ಗೇರ್‌ಬಾಕ್ಸ್ ಮುಂದಿನ ಇನ್‌ಪುಟ್ ಸೀಲು. ಸೀಲುಗಳಿಗೆ ದೊಡ್ಡ ದುಡ್ಡಿಲ್ಲ. ಆರು ತಿಂಗಳ ನಂತರ ಅದೇ ಸೀಲು ಸೋರಿ ಹೊಸ ಪ್ಲೇಟಿಗೆ ಎಣ್ಣೆ ಬಿದ್ದರೆ ಮತ್ತೆ ಎಲ್ಲ ಬಿಚ್ಚಬೇಕು. ಸೆಟ್ ಹಾಕಿ ಎಂದ ಗ್ಯಾರೇಜಿನವರಿಗೆ ಸೆಟ್ಟಿನ ಲೆಕ್ಕ ಸರಿ ಇತ್ತು, ಕಾರಣ ತಪ್ಪಿತ್ತು. ಆ ಕಾರಣ ಹಿಡಿದು ಪ್ಲೇಟ್ ಮಾತ್ರ ಹಾಕಿ ಹಳೇ ಸಿಲಿಂಡರ್ ಬಿಟ್ಟಿದ್ದರೆ ನೀವು ಪೂರ್ತಿ ದುಡ್ಡು ಕೊಟ್ಟು ಅದೇ ಕಂಪ್ಲೇಂಟ್ ವಾಪಸ್ ಮನೆಗೆ ತರುತ್ತಿದ್ದಿರಿ.

ಉಡುಪಿ ಬಾಕ್ಸ್‌ಟರ್:
ಅಣ್ಣನ ಮಾತಿಗೆ ನನ್ನದೂ ಒಪ್ಪಿಗೆ. ನನ್ನದು ಪೋರ್ಷೆ ಬಾಕ್ಸ್‌ಟರ್, 987 ಸರಣಿಯ ಮ್ಯಾನುವಲ್. ಇಂಜಿನ್ ನಡುವೆ ಇರುವುದರಿಂದ ಗೇರ್‌ಬಾಕ್ಸ್ ಹಿಂದಿನಿಂದ ಬರುತ್ತದೆ. ಪೋರ್ಷೆಯವರಲ್ಲಿ ಕ್ಲಚ್ ಇಳಿಸಿದಾಗ ಏನೇನು ನೋಡಬೇಕು ಎಂಬುದು ದೊಡ್ಡ ಚರ್ಚೆ, ಯಾಕೆಂದರೆ 2008ರ ತನಕದ ಇಂಜಿನ್‌ಗಳಲ್ಲಿ ಕ್ಲಚ್ ಹಿಂದೆಯೇ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಉಂಟು. ಹಳೇ 986 ಸರಣಿಯ ಬಾಕ್ಸ್‌ಟರಿನಲ್ಲಿ ಕ್ಲಚ್ ಬದಲಿಸುವಾಗಲೇ ಅದನ್ನೂ ಬದಲಿಸುತ್ತಾರೆ. ಅದು ಹೋದರೆ ಇಂಜಿನ್ನೇ ಹೋಗುತ್ತದೆ. 2009ರ ಮಾಡೆಲ್‌ನಿಂದ ಆ ಬೇರಿಂಗೇ ಇಲ್ಲ. ಝಡ್ ಅವರಿಗೆ ಆ ತಲೆನೋವಿಲ್ಲ, ಆದರೆ ಕ್ರಮ ಅದೇ.

ಸಾಮಾನು ತರಿಸುವಾಗ ಒಂದು ಎಚ್ಚರ. ಮಾಡೆಲ್ ಹೆಸರು, ವರ್ಷ ಹೇಳಿ ಆರ್ಡರ್ ಮಾಡಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹೊರಗಿನಿಂದ ಬಂದ ಸಾಮಾನು ಹೊಂದದಿದ್ದರೆ ವಾಪಸ್ ಕಳಿಸುವುದು ಬಹಳ ಕಷ್ಟ. ಫ್ಲೈವೀಲ್ (ಇಂಜಿನ್ ಹಿಂದೆ ತಿರುಗುವ, ಪ್ಲೇಟ್ ಒತ್ತಿ ಕೂರುವ ಭಾರದ ಚಕ್ರ) ಬೋಲ್ಟ್ ಮತ್ತು ಸೈಲೆನ್ಸರ್ ಗ್ಯಾಸ್ಕೆಟ್ ಸೇರಿಸಿಯೇ ತರಿಸಿ. ಎಲ್ಲ ಕೈಗೆ ಬಂದ ಮೇಲೆಯೇ ಗಾಡಿ ಬಿಚ್ಚಿಸಿ. ಒಂದು ಗ್ಯಾಸ್ಕೆಟ್ಟಿಗಾಗಿ ಗಾಡಿ ವಾರಗಟ್ಟಲೆ ಲಿಫ್ಟಿನ ಮೇಲೆ ನಿಲ್ಲಬಾರದು ಅಲ್ವಾ?

ಮಣಿಪಾಲ ಚಡಾವು:
ನನ್ನ ಅಭಿಪ್ರಾಯ ಬೇರೆ. ಅದೇ ಸಿಲಿಂಡರ್ ಮತ್ತೆ ಹಾಕಿದರೆ ಮತ್ತೆ ಅದೇ ಸೋರುತ್ತದೆ. ಸಿಲಿಂಡರನ್ನು ಹೊರಗೆ ತರುವ ಕಿಟ್ ಅಮೆರಿಕದಲ್ಲಿ ಸಿಗುತ್ತದೆ. ಫೋರ್ಕ್ ಮತ್ತು ಹೊರಗಿನ ಸಿಲಿಂಡರ್, ಹಳೇ 350ಝಡ್ ಕ್ರಮದಲ್ಲಿ. ಮುಂದೆ ಕೆಟ್ಟರೆ ಗೇರ್‌ಬಾಕ್ಸ್ ಇಳಿಸುವುದೇ ಬೇಡ. ಜೊತೆಗೆ ಹಗುರ ಸಿಂಗಲ್ ಮಾಸ್ ಫ್ಲೈವೀಲ್ ಹಾಕಿ. ಇಂಜಿನ್ ಆರ್‌ಪಿಎಂ ತಟ್ಟನೆ ಏರುತ್ತದೆ, ಇಳಿಯುತ್ತದೆ. ಸ್ಪೋರ್ಟ್ಸ್ ಕಾರಿಗೆ ಅದೇ ಬೇಕು.

ಬೈಕಂಪಾಡಿ ಸ್ಪ್ಯಾನರ್:
ಕಿಟ್ ಕೆಟ್ಟದ್ದಲ್ಲ ಮಾರಾಯ್ರೆ. ಹೊರಗೆ ಬಂದ ಸಿಲಿಂಡರ್ ಅರ್ಧ ದಿನದ ಕೆಲಸ, ಒಪ್ಪುತ್ತೇನೆ. ಆದರೆ ಫೋರ್ಕ್ ಕೂರುವ ಜಾಗ, ಬೇರಿಂಗ್ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆ ಸರಿಯಾಗಿ ಹೊಂದಿಸಬೇಕು. ಆ ಕಿಟ್ ಮೊದಲು ಹಾಕಿದವರು ಇದ್ದರೆ ಧೈರ್ಯವಾಗಿ ಹಾಕಿಸಿ. ಇಲ್ಲದಿದ್ದರೆ ಕಂಪೆನಿಯ ಹೊಸ ಸಿಲಿಂಡರ್ ಹಾಕಿ, ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾ ಬಂದರೆ ಬಾಳಿಕೆ ಬರುತ್ತದೆ.

ಫ್ಲೈವೀಲ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕಂಪೆನಿಯದ್ದು ಡ್ಯುಯಲ್ ಮಾಸ್. ಒಳಗಿನ ಸ್ಪ್ರಿಂಗ್ ಇಂಜಿನ್ನಿನ ನಡುಕ ತಿನ್ನುತ್ತದೆ. ಸಿಂಗಲ್ ಹಾಕಿದರೆ ಆ ನಡುಕ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಡಬ್ಬಿಯೊಳಗೆ ಕಲ್ಲು ಅಲುಗಿಸಿದ ಹಾಗೆ ಶಬ್ದ ಬರುತ್ತದೆ. ರೇಸ್ ಟ್ರ್ಯಾಕಿಗೆ ಸರಿ. ಪಂಪ್‌ವೆಲ್ ಟ್ರಾಫಿಕ್ಕಿಗೆ ಅಲ್ಲ. ನಿಂತಲ್ಲಿಂದ ಹೊರಡುವಾಗಲೂ ಭಾರದ ಫ್ಲೈವೀಲ್ ಸಹಾಯ ಮಾಡುತ್ತದೆ. ಹಗುರದ್ದು ಇದ್ದರೆ ಚಡಾವಿನಲ್ಲಿ ಆಫ್ ಆಗುವುದು ಜಾಸ್ತಿ, ಆಫ್ ಆಗದ ಹಾಗೆ ಹಾಫ್ ಕ್ಲಚ್ ಹಿಡಿಯುವುದೂ ಜಾಸ್ತಿ. ಹೊಸ ಪ್ಲೇಟ್ ತಿನ್ನುವುದು ಅದೇ.

ಮಣಿಪಾಲ ಚಡಾವು:
ಕಡಿಯಾಳಿ, ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಜನ ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುವುದನ್ನು ದಿನಾ ನೋಡುತ್ತೇನೆ. ಸುಟ್ಟ ವಾಸನೆ ಹಿಂದಿನ ಗಾಡಿಯವರಿಗೂ ಬರುತ್ತದೆ. ಆ ಮಾತು ಒಪ್ಪಿದೆ ಅಣ್ಣ. ಫ್ಲೈವೀಲ್ ಬೇಡ. ಆದರೆ ಕಿಟ್ ಬಗ್ಗೆ ನನ್ನ ಮಾತು ಬದಲಿಲ್ಲ. ಒಂದೇ ದೋಷಕ್ಕೆ ಎರಡು ಸಲ ಗೇರ್‌ಬಾಕ್ಸ್ ಇಳಿಸಬೇಕಾದ ವಿನ್ಯಾಸ ಒಳ್ಳೆಯದಲ್ಲ.

ಕಾಪು ಲೈಟ್‌ಹೌಸ್:
ನಡುವೆ ಬಂದು ಕೇಳುವುದಕ್ಕೆ ಕ್ಷಮೆ ಇರಲಿ. ನನ್ನದು ಅಬಾರ್ತ್ ಪುಂಟೋ. ನಾನು ಗಲ್ಫಿನಲ್ಲಿ ಇರುವುದು, ಗಾಡಿ ಮಳೆಗಾಲ ಪೂರ್ತಿ ಕಾಪುವಿನ ಮನೆಯಲ್ಲೇ ನಿಂತಿತ್ತು. ಸಮುದ್ರ ಹತ್ತಿರವೇ. ಈಗ ಇಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಯಾವ ಗೇರೂ ಬೀಳುವುದಿಲ್ಲ. ಪೆಡಲ್ ಮಾತ್ರ ಗಟ್ಟಿಯಾಗಿಯೇ ಇದೆ. ನನ್ನದೂ ಸಿಲಿಂಡರಾ?

ಬೈಕಂಪಾಡಿ ಸ್ಪ್ಯಾನರ್:
ನಿಮ್ಮದು ಬೇರೆ. ಪೆಡಲ್ ಗಟ್ಟಿ ಇದೆ ಎಂದರೆ ಆಯಿಲ್ ಲೈನ್ ಸರಿ ಇರುವ ಸಾಧ್ಯತೆ ಜಾಸ್ತಿ. ಉಪ್ಪು ಗಾಳಿಯಲ್ಲಿ, ಮಳೆಯ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೈವೀಲ್ ಮುಖಕ್ಕೆ ತುಕ್ಕು ಬರುತ್ತದೆ. ಪ್ಲೇಟ್ ಅದಕ್ಕೇ ಅಂಟಿಕೊಳ್ಳುತ್ತದೆ. ಪೆಡಲ್ ಒತ್ತಿದರೆ ಪ್ರೆಶರ್ ಪ್ಲೇಟ್ ಬಿಡುತ್ತದೆ, ಆದರೆ ಪ್ಲೇಟ್ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ಇಂಥ ಗಾಡಿ ಬರುತ್ತವೆ. ಸುಮ್ನೆ ಹೊಸ ಸೆಟ್ ಹಾಕಿಸಿಕೊಂಡವರೂ ಉಂಟು.

ಮೊದಲು ಇಂಜಿನ್ ಚೆನ್ನಾಗಿ ಬಿಸಿ ಆಗುವ ತನಕ ಓಡಲಿ. ಆ ಬಿಸಿಗೆ ಕೆಲವು ಬಿಡುತ್ತವೆ. ಬಿಡದಿದ್ದರೆ ಇಂಜಿನ್ ಆಫ್ ಮಾಡಿ, ಗಾಡಿಯನ್ನು ತಳ್ಳಿ ದೊಡ್ಡ ಖಾಲಿ ಮೈದಾನಕ್ಕೆ ತನ್ನಿ. ಎದುರಿಗೆ ಗೋಡೆ, ಜನ, ದನ ಏನೂ ಇರಬಾರದು. ಹ್ಯಾಂಡ್ ಬ್ರೇಕ್ ಎಳೆದು, ಬಲಗಾಲು ಬ್ರೇಕ್ ಮೇಲೆ ಗಟ್ಟಿಯಾಗಿಟ್ಟು, ಗೇರಿನಲ್ಲಿ ಹಾಕಿ, ಕ್ಲಚ್ ಪೂರ್ತಿ ಒತ್ತಿ ಕೀ ತಿರುಗಿಸಿ. ಒಂದು ಜಗ್ಗು ಬಂದು ಪ್ಲೇಟ್ ಬಿಡುತ್ತದೆ. ಬಿಡದಿದ್ದರೆ ತಕ್ಷಣ ಕೀ ಆಫ್ ಮಾಡಿ. ಹೆಚ್ಚು ಸಲ ಪ್ರಯತ್ನಿಸಬೇಡಿ, ಸ್ಟಾರ್ಟರ್ ಹೋಗುತ್ತದೆ. ಆಮೇಲೆ ಗ್ಯಾರೇಜೇ ಗತಿ.

ಮುಂದಿನ ಮಳೆಗಾಲಕ್ಕೆ ಮನೆಯವರ ಹತ್ತಿರ ಹೇಳಿ ಎರಡು ವಾರಕ್ಕೊಮ್ಮೆ ಗಾಡಿ ಓಡಿಸಲಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಲದು. ಕ್ಲಚ್ ಒತ್ತಿ ಬಿಟ್ಟು, ಗೇರು ಹಾಕಿ ನಾಲ್ಕು ಕಿಲೋಮೀಟರ್ ಹೋಗಿ ಬರಬೇಕು.

ಕೊಟ್ಟಾರ ಝಡ್:
ಸಾಮಾನು ಎಲ್ಲ ಬಂತು. ಕಂಪೆನಿಯ ಸಿಲಿಂಡರೇ ತರಿಸಿದೆ, ಜೊತೆಗೆ ಎಕ್ಸೆಡಿ ಬ್ರ್ಯಾಂಡಿನ ಪ್ಲೇಟ್ ಮತ್ತು ಪ್ರೆಶರ್ ಪ್ಲೇಟ್. ಬಾಕ್ಸ್‌ಟರ್ ಅಕ್ಕ ಹೇಳಿದ ಹಾಗೆ ಬೋಲ್ಟ್, ಗ್ಯಾಸ್ಕೆಟ್, ಸೀಲು ಎಲ್ಲ ಉಂಟು. ಎರಡು ಕಂಬದ ಲಿಫ್ಟ್ ಇರುವ ಒಂದು ಗ್ಯಾರೇಜ್ ಸಿಕ್ಕಿದೆ. ಹುಡುಗರು ಒಳ್ಳೆಯವರು, ಆದರೆ ಈ ಗಾಡಿ ಮೊದಲ ಸಲ ಮುಟ್ಟುತ್ತಿದ್ದಾರೆ. ನಾನು ಹತ್ತಿರವೇ ನಿಲ್ಲುತ್ತೇನೆ. ಏನೇನು ನೋಡಿಕೊಳ್ಳಬೇಕು ಅಣ್ಣ?

ಬೈಕಂಪಾಡಿ ಸ್ಪ್ಯಾನರ್:
ಮೊದಲ ಸಲ ಆದರೂ ಅಡ್ಡಿಯಿಲ್ಲ, ಹಿಂದಿನ ಚಕ್ರ ಎಳೆಯುವ ಯಾವುದೇ ಗಾಡಿಯ ಕ್ಲಚ್ ಮಾಡಿದವರಿಗೆ ಕ್ರಮ ಗೊತ್ತಿರುತ್ತದೆ. ಈ ಗಾಡಿಯ ವಿಶೇಷ ಮಾತ್ರ ಹೇಳುತ್ತೇನೆ.

ಹಿಂದಿನ ದಿನ ಸಂಜೆಯೇ ಸೈಲೆನ್ಸರ್ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಲು ಹೇಳಿ. ನಮ್ಮ ಊರಿನ ಗಾಳಿಗೆ ಆ ಬೋಲ್ಟುಗಳು ಹಿಡಿದಿರುತ್ತವೆ. ಬಲ ಹಾಕಿದರೆ ತುಂಡಾಗುತ್ತವೆ, ಆಮೇಲೆ ಡ್ರಿಲ್ ಮಾಡುವುದರಲ್ಲೇ ದಿನ ಹೋಗುತ್ತದೆ. ಬ್ಯಾಟರಿ ನೆಗೆಟಿವ್ ಮೊದಲು ತೆಗೆಯಲಿ.

ಪ್ರೊಪೆಲ್ಲರ್ ಶಾಫ್ಟ್ ಕಾರ್ಬನ್ ಫೈಬರಿನದು. ಕಬ್ಬಿಣದ ಶಾಫ್ಟ್ ಎಂದು ತಿಳಿದು ಸುತ್ತಿಗೆ ಹೊಡೆಯಬಾರದು, ನೆಲಕ್ಕೆ ಬೀಳಿಸಬಾರದು, ಗೀರು ಕೂಡ ಆಗಬಾರದು. ಡಿಫರೆನ್ಷಿಯಲ್‌ಗೆ ಸೇರುವ ಕಡೆ ಎರಡಕ್ಕೂ ಪೇಂಟಿನಲ್ಲಿ ಗುರುತು ಹಾಕಿ ಬಿಚ್ಚಲಿ. ಅದೇ ಗುರುತಿಗೆ ಮತ್ತೆ ಕೂರಿಸಬೇಕು. ಇಲ್ಲದಿದ್ದರೆ ವೇಗದಲ್ಲಿ ನಡುಕ ಬರಬಹುದು. ಶಾಫ್ಟ್ ಎಳೆದರೆ ಗೇರ್ ಆಯಿಲ್ ಹಿಂದಿನಿಂದ ಸುರಿಯುತ್ತದೆ, ಹಾಗಾಗಿ ಮೊದಲೇ ಬಸಿಯಿರಿ.

ಬೆಲ್ ಹೌಸಿಂಗ್, ಅಂದರೆ ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಮುಂದಿನ ಗೂಡು, ಅದರ ಹತ್ತಿರ ಕ್ರ್ಯಾಂಕ್ ಸೆನ್ಸರ್ ಇದೆ. ಗೇರ್‌ಬಾಕ್ಸ್ ಎಳೆಯುವ ಮೊದಲು ಅದನ್ನು ಬಿಚ್ಚಿ ಬದಿಗಿಡಬೇಕು. ಮರೆತರೆ ಮುರಿಯುತ್ತದೆ. ಈ ಗಾಡಿಯಲ್ಲಿ ಗೇರು ಇಳಿಸುವಾಗ ಆರ್‌ಪಿಎಂ ತಾನೇ ಹೊಂದಿಸುವ ವ್ಯವಸ್ಥೆ ಉಂಟು. ಅದಕ್ಕಾಗಿ ಗೇರ್‌ಬಾಕ್ಸಿನಲ್ಲಿ ಹೆಚ್ಚುವರಿ ಸೆನ್ಸರ್, ವೈರು ಇರುತ್ತವೆ. ಬಿಚ್ಚುವ ಮೊದಲು ಪ್ರತಿ ಕನೆಕ್ಟರಿನ ಫೋಟೋ ತೆಗೆಯಿರಿ.

ಗೇರ್‌ಬಾಕ್ಸನ್ನು ಕೈಯಲ್ಲಿ ಹಿಡಿದು ಇಳಿಸುವ ಸಾಹಸ ಬೇಡ. ಗೇರ್‌ಬಾಕ್ಸ್ ಜಾಕಿ ಬೇಕು. ಏರಿಸುವಾಗ ಇನ್ನೂ ಮುಖ್ಯ. ಶಾಫ್ಟ್ ಅರ್ಧ ಒಳಗೆ ಹೋದಾಗ ಗೇರ್‌ಬಾಕ್ಸಿನ ಭಾರ ಪ್ಲೇಟಿನ ಮೇಲೆ ನೇತಾಡಿದರೆ ಪ್ಲೇಟಿನ ನಡುವಿನ ಹಬ್ ಬಾಗುತ್ತದೆ. ಹೊಸ ಪ್ಲೇಟ್ ಆಗಲೇ ಹಾಳು. ಬೋಲ್ಟ್ ಬಿಗಿದು ಎಳೆದು ತರುವುದೂ ಬೇಡ. ಮುಖಕ್ಕೆ ಮುಖ ಸೇರಿದ ಮೇಲೆಯೇ ಬೋಲ್ಟ್ ಬಿಗಿಯಬೇಕು.

ಗೇರ್‌ಬಾಕ್ಸ್ ಕೆಳಗಿರುವಾಗ ಯಾರೂ ಕ್ಲಚ್ ಪೆಡಲ್ ಒತ್ತಬಾರದು. ಹೊಸ ಸಿಲಿಂಡರಿಗೆ ಎದುರು ಒತ್ತುವುದಕ್ಕೆ ಏನೂ ಇರುವುದಿಲ್ಲ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಸ್ಟೀರಿಂಗಿಗೆ ಒಂದು ಚೀಟಿ ಅಂಟಿಸಿ.

ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ, ಅಲುಗಿಸಿ ನೋಡಲಿ. ಡ್ಯುಯಲ್ ಮಾಸ್ ಆದ್ದರಿಂದ ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರುತ್ತದೆ. ಅದು ಜಾಸ್ತಿ ಆಗಿದ್ದರೆ, ಅಥವಾ ಮುಂದೆ ಹಿಂದೆ ಅಲುಗಾಡಿದರೆ ಬದಲಿಸಬೇಕು. ಒಂದೇ ತುಂಡಿನ ಫ್ಲೈವೀಲಿಗೆ ಲೇತಿನಲ್ಲಿ ಮುಖ ತೆಗೆಸುವ ಹಾಗೆ ಇದಕ್ಕೆ ಮಾಡಿಸಬೇಡಿ.

ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆಯಲ್ಲೇ ಒರೆಸಲಿ. ಹೊಸ ಪ್ಲೇಟಿನ ಮುಖ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲೇಟನ್ನು ನಡುವಿಗೆ ಹೊಂದಿಸುವ ಟೂಲ್ ಸೆಟ್ಟಿನ ಜೊತೆ ಬಂದಿರಬಹುದು, ಅದನ್ನೇ ಬಳಸಲಿ. ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಕೊನೆಗೆ ಟಾರ್ಕ್ ವ್ರೆಂಚ್. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಜಾಸ್ತಿ ಆದರೆ ತಿರುಗುವಾಗ ಹಾರಿ ಪ್ಲೇಟಿಗೆ ಬೀಳುತ್ತದೆ.

ಸುರತ್ಕಲ್ ಮೆಕ್ಯಾನಿಕಲ್:
ಆಯಿಲ್ ಬಗ್ಗೆ ನನ್ನದೊಂದು ಮಾತು. ಗೇರ್‌ಬಾಕ್ಸಿಗೆ ಜಿಎಲ್ 4 ದರ್ಜೆಯ ಗೇರ್ ಆಯಿಲ್ ಹಾಕಿ, ಸುಮಾರು 3 ಲೀಟರ್ ಬೇಕಾಗುತ್ತದೆ. ಅಂಗಡಿಯಲ್ಲಿ ಜಿಎಲ್ 5 ಇನ್ನೂ ಒಳ್ಳೆಯದು ಎಂದು ಕೊಡಬಹುದು. ಅದರ ಗಂಧಕದ ಅಂಶ ಗೇರು ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಕ್ಲಚ್ಚಿಗೆ ಕಂಪೆನಿ ಹೇಳಿದ್ದು ಡಾಟ್ 3 ದರ್ಜೆಯ ಆಯಿಲ್. ಡಾಟ್ 4 ಕೂಡ ಹಾಕಬಹುದು, ನಮ್ಮ ಕಡೆಗೆ ಅದೇ ಒಳ್ಳೆಯದು. ಡಾಟ್ 3 ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮ ಉಂಟು. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ತೇವ ಹೀರಿದ ಮೇಲೆ 155. ಈ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಮಂಗಳೂರಿನಲ್ಲಿ ಅದು ಎಷ್ಟು ಬೇಗ ಆಗಬಹುದು ಯೋಚಿಸಿ. ಡಾಟ್ 5 ಮಾತ್ರ ಬೇಡವೇ ಬೇಡ. ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ.

ಕೊಟ್ಟಾರ ಝಡ್:
ಕೆಲಸ ಮುಗಿಯಿತು. ಬೆಲ್ ಹೌಸಿಂಗ್ ಒಳಗೆಲ್ಲ ಕಪ್ಪು ಆಯಿಲ್ ಸೋರಿತ್ತು, ಹಳೇ ಸಿಲಿಂಡರಿನ ಸೀಲು ಹರಿದಿತ್ತು. ಪ್ಲೇಟಿನ ದಪ್ಪ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಆದರೆ ಅಂಚಿಗೆ ಆಯಿಲ್ ತಾಗಿದ್ದರಿಂದ ಹೊಸದೇ ಹಾಕಿಸಿದೆ. ಫ್ಲೈವೀಲ್ ಸರಿ ಇತ್ತು. ಗೇರು ಈಗ ಬೆಣ್ಣೆಯಂತೆ ಬೀಳುತ್ತದೆ. ಒಂದೇ ಸಂಶಯ, ಪೆಡಲ್ ಮೊದಲ ಅರ್ಧ ಇನ್ನೂ ಸ್ವಲ್ಪ ಖಾಲಿ ಅನಿಸುತ್ತದೆ. ಮತ್ತೆ, ಆಗುಂಬೆ ಘಾಟಿಗೆ ಯಾವಾಗ ಕೊಂಡುಹೋಗಬಹುದು?

ಉಡುಪಿ ಬಾಕ್ಸ್‌ಟರ್:
ಬಹಳ ಸಂತೋಷ ಆಯಿತು. ಆಗುಂಬೆಗೆ ಈಗಲೇ ಬೇಡ. ಮೊದಲ 800 ಕಿಲೋಮೀಟರ್ ಊರಿನ ಒಳಗೆ ಮೆಲ್ಲಗೆ ಓಡಿಸಿ. ಗೇರು ಹಾಕುತ್ತಾ ತೆಗೆಯುತ್ತಾ ಇರುವ ಓಟವೇ ಹೊಸ ಪ್ಲೇಟಿನ ಮುಖವನ್ನು ಫ್ಲೈವೀಲಿಗೆ ಹೊಂದಿಸುತ್ತದೆ. ಜೋರಾಗಿ ಹೊರಡುವುದು, ಚಡಾವಿನಲ್ಲಿ ಕ್ಲಚ್ ಮೇಲೆ ನಿಲ್ಲುವುದು ಬೇಡ. ಹೈವೇಯಲ್ಲಿ ಒಂದೇ ಗೇರಿನಲ್ಲಿ ಗೋವಾ ತನಕ ಹೋದರೂ ಆ ಕೆಲಸ ಆಗುವುದಿಲ್ಲ. ಹೆಬ್ರಿ ಕಡೆಯ ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು ಉಂಟು. ಬಸ್ಸು ಎದುರು ಬಂದರೆ ಚಡಾವಿನಲ್ಲೇ ನಿಂತು ಹೊರಡಬೇಕು. ಹೋಗುವಾಗ ಹ್ಯಾಂಡ್ ಬ್ರೇಕಿನಲ್ಲಿ ನಿಲ್ಲಿಸಿ ಹೊರಡುವ ಅಭ್ಯಾಸ ಇರಲಿ.

ಬೈಕಂಪಾಡಿ ಸ್ಪ್ಯಾನರ್:
ಪೆಡಲ್ ಮೊದಲರ್ಧ ಖಾಲಿ ಎಂದರೆ ಲೈನಿನಲ್ಲಿ ಇನ್ನೂ ಗಾಳಿ ಉಂಟು. ಈ ಸಿಲಿಂಡರಿನಲ್ಲಿ ಗಾಳಿ ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ. ಇನ್ನೊಮ್ಮೆ ಬ್ಲೀಡ್ ಮಾಡಿಸಿ, ಅಂದರೆ ಗಾಳಿ ಹೊರಗೆ ತೆಗೆಸಿ. ಒಬ್ಬರು ಪೆಡಲ್ ಮೆಲ್ಲಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಆಯಿಲ್ ಬಂದ ಮೇಲೆ ಮುಚ್ಚಲಿ. ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಪಟಪಟ ಪಂಪ್ ಮಾಡಿದರೆ ಗಾಳಿ ಸಣ್ಣ ಗುಳ್ಳೆಯಾಗಿ ಆಯಿಲಿನಲ್ಲೇ ಉಳಿಯುತ್ತದೆ. ಮೇಲಿನ ಡಬ್ಬಿ ಸಣ್ಣದು, ನೋಡುತ್ತಾ ತುಂಬಿಸಬೇಕು. ಒಮ್ಮೆ ಖಾಲಿ ಆದರೆ ಮೊದಲಿನಿಂದ ಶುರು.

ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಆ ಆಯಿಲ್ ಬದಲಿಸಿ. ಡಬ್ಬಿಯಲ್ಲಿ ಬಣ್ಣ ಕಪ್ಪಾಗಲು ಶುರುವಾದರೆ ವರ್ಷ ಆಗುವ ತನಕ ಕಾಯಬೇಡಿ.